ಸಕ್ಕರೆ, ಕಲ್ಲಿದ್ದಲು ಮತ್ತು ಯೂನಿಯನ್ ಸ್ಕ್ವೇರಿನ ಕಂಬ



ಕಳೆದ ದೀಪಾವಳಿಗೆ ಮಂಡ್ಯದಿಂದ ಅಮ್ಮ ಬಂದಿದ್ದರು. ಮೈಸೂರು ಪಾಕಿಗೆ ಸಕ್ಕರೆ ಅಳೆಯುತ್ತಾ, ಆ ಗುಲಾಬಿ ಬಣ್ಣದ ಚೀಲವನ್ನು ತಿರುಗಿಸಿ ನೋಡಿ, "ಸಿ ಅಂಡ್ ಎಚ್ ಅಂದ್ರೆ ಏನೋ?" ಎಂದು ಕೇಳಿದರು. "ಕ್ಯಾಲಿಫೋರ್ನಿಯಾ ಅಂಡ್ ಹವಾಯಿಯನ್ ಅಂತಮ್ಮ" ಎಂದೆ. "ಹವಾಯಿ ಅಂದ್ರೆ ಸಮುದ್ರದ ನಡುವೆ ಇರೋ ದ್ವೀಪ ಅಲ್ವಾ? ಅದು ಇವರ ಕೈಗೆ ಹೆಂಗೆ ಬಂತು?"

ಅದೇ ಊಟದ ಟೇಬಲ್ಲಿನಲ್ಲಿ ನಮ್ಮ ಭಾವ ಪೌರತ್ವದ ಪರೀಕ್ಷೆಗೆ ಓದುತ್ತಾ ಕೂತಿದ್ದರು. (ನನ್ನ ಗ್ರೀನ್ ಕಾರ್ಡ್ ಕ್ಯೂ ಎಲ್ಲಿದೆ ಎಂದು ದಯವಿಟ್ಟು ಯಾರೂ ಕೇಳಬೇಡಿ.) ಅವರ ಅರ್ಜಿಗೆ ಅನ್ವಯವಾಗುತ್ತಿದ್ದದ್ದು ಹಳೆಯ 100 ಪ್ರಶ್ನೆಗಳ ಪಟ್ಟಿ. ಪ್ರಶ್ನೆ ಕೇಳುವ ಮೇಷ್ಟ್ರ ಕೆಲಸ ನನ್ನದು. "ಅಮೆರಿಕದ ಒಂದು ಟೆರಿಟರಿ ಹೆಸರಿಸಿ" ಎಂದರೆ "ಗುವಾಮ್". "1800ರ ಶತಮಾನದಲ್ಲಿ ಅಮೆರಿಕ ಮಾಡಿದ ಒಂದು ಯುದ್ಧ?" ಎಂದರೆ "ಸ್ಪ್ಯಾನಿಷ್-ಅಮೆರಿಕನ್ ವಾರ್". ಉತ್ತರಗಳೆಲ್ಲ ಪಟಪಟ ಬರುತ್ತಿದ್ದವು. ಅಮ್ಮನ ಪ್ರಶ್ನೆ ಕೇಳಿ ಭಾವ ಕನ್ನಡಕ ತೆಗೆದು, "ಒಳ್ಳೇ ಪ್ರಶ್ನೆ ಅತ್ತೆ. ಸ್ಪೇನ್ ಎಲ್ಲಿ, ಗುವಾಮ್ ಎಲ್ಲಿ? ನೀನು ಹೇಳಪ್ಪಾ ಮೇಷ್ಟ್ರೇ" ಎಂದು ನನ್ನ ಕಡೆ ತಿರುಗಿದರು.

ಮೇಷ್ಟ್ರಿಗೆ ಗೊತ್ತಿರಲಿಲ್ಲ! ನಮ್ಮ ಹೈಸ್ಕೂಲಿನ ಸಮಾಜಶಾಸ್ತ್ರದಲ್ಲಿ ಸಾಮ್ರಾಜ್ಯಶಾಹಿ ಎಂದರೆ ಬ್ರಿಟಿಷರು, ಹೆಚ್ಚೆಂದರೆ ಫ್ರೆಂಚರು. ಅಮೆರಿಕ ಎಂದರೆ ವಾಷಿಂಗ್ಟನ್, ಲಿಂಕನ್, ಮತ್ತು ಸಮುದ್ರಕ್ಕೆ ಎಸೆದ ಟೀ. ಆಮೇಲೆ ಪಿಯುಸಿ, ಇಂಜಿನಿಯರಿಂಗ್. ಇತಿಹಾಸಕ್ಕೂ ನನಗೂ ಅಲ್ಲಿಗೆ ಟೂ. ಆ ಚಳಿಗಾಲವೆಲ್ಲ ಊರಿನ ಲೈಬ್ರರಿಯಿಂದ ಪುಸ್ತಕ ತಂದು ಓದಿದೆ. ಓದುತ್ತಾ ಹೋದ ಹಾಗೆ ತಿಳಿದದ್ದೇನೆಂದರೆ, ಈ ಕಥೆಯ ಅರ್ಧಭಾಗ ನಡೆದಿರುವುದೇ ನಾವು ವೀಕೆಂಡಿನಲ್ಲಿ ಪಾರ್ಕಿಂಗ್ ಹುಡುಕುತ್ತಾ ಸುತ್ತುವ ಜಾಗಗಳಲ್ಲಿ.

ಮೊದಲು ಸಕ್ಕರೆ. ಮಂಡ್ಯದವನಾದ್ದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಕ್ಷಮಿಸಿ.

ಕ್ಲಾಸ್ ಸ್ಪ್ರೆಕೆಲ್ಸ್ ಎಂಬಾತ ಜರ್ಮನಿಯಿಂದ ಬರಿಗೈಲಿ ಬಂದ ವಲಸಿಗ. ದಿನಸಿ ಅಂಗಡಿ ಇಟ್ಟ, ಬಿಯರ್ ತಯಾರಿಸಿದ, 1863ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸಕ್ಕರೆ ಶುದ್ಧೀಕರಿಸುವ ಕಾರ್ಖಾನೆ ತೆಗೆದ. (ಗೋಲ್ಡನ್ ಗೇಟ್ ಪಾರ್ಕಿನಲ್ಲಿ ಅಕಾಡೆಮಿ ಆಫ್ ಸೈನ್ಸಸ್ ಎದುರಿಗೆ ಸಂಗೀತದ ಕಲ್ಲಿನ ವೇದಿಕೆ ಇದೆಯಲ್ಲ, ಅದು ಈತನ ದಾನ.) 1875ರಲ್ಲಿ ಅಮೆರಿಕ ಮತ್ತು ಹವಾಯಿ ರಾಜ್ಯದ ನಡುವೆ ಒಂದು ಒಪ್ಪಂದವಾಯಿತು. ಹವಾಯಿಯ ಸಕ್ಕರೆಗೆ ಅಮೆರಿಕದಲ್ಲಿ ಸುಂಕವಿಲ್ಲ. ಸ್ಪ್ರೆಕೆಲ್ಸ್ ಮೊದಲು ಇದನ್ನು ವಿರೋಧಿಸಿದ. 1876ರಲ್ಲಿ ಒಪ್ಪಂದ ಜಾರಿಗೆ ಬರುತ್ತದೆ ಎಂದು ಖಾತ್ರಿಯಾದ ಕೂಡಲೇ ಹಡಗು ಹತ್ತಿ ಹೊನೊಲುಲುಗೆ ಹೋಗಿ, ಬೆಲೆ ಏರುವ ಮುಂಚೆಯೇ ಬೆಳೆಯ ದೊಡ್ಡ ಪಾಲನ್ನು ಖರೀದಿ ಮಾಡಿದ!

ಕಬ್ಬಿಗೆ ನೀರು ಬೇಕು. ಕನ್ನಂಬಾಡಿ ಕಟ್ಟೆಯ ನಾಲೆ ಬರುವ ಮುಂಚೆ ನಮ್ಮ ಮಂಡ್ಯ ಹೇಗಿತ್ತು ಎಂದು ತಾತನ ಬಾಯಲ್ಲಿ ಕೇಳಿದವರಿಗೆ ಇದನ್ನು ವಿವರಿಸಬೇಕಿಲ್ಲ. ಮಾವಿ ದ್ವೀಪದಲ್ಲಿ ಮಳೆ ಒಂದು ಕಡೆ, ಬಯಲು ಇನ್ನೊಂದು ಕಡೆ. 1878ರಲ್ಲಿ ಸ್ಪ್ರೆಕೆಲ್ಸ್ ನೀರಿನ ಹಕ್ಕು ಕೇಳಿದಾಗ ಮಂತ್ರಿಗಳು ಮೀನಮೇಷ ಎಣಿಸಿದರು. ಕಲಾಕವ ದೊರೆ ರಾತ್ರೋರಾತ್ರಿ ಮಂತ್ರಿಗಳನ್ನು ವಜಾ ಮಾಡಿ ಹೊಸಬರನ್ನು ತಂದ, ನೀರು ಸಿಕ್ಕಿತು. ಸ್ಪ್ರೆಕೆಲ್ಸ್‌ನಿಂದ ದೊರೆಗೆ 40,000 ಡಾಲರ್ ಸಾಲವೂ ಸಿಕ್ಕಿತು. ಹದಿನೈದು ವರ್ಷಗಳಲ್ಲಿ ಹವಾಯಿಯ ಸಕ್ಕರೆ ರಫ್ತು ಸುಮಾರು ಹತ್ತು ಪಟ್ಟಾಯಿತು. 1887ರಲ್ಲಿ ಒಪ್ಪಂದವನ್ನು ನವೀಕರಿಸಿದಾಗ ಅಮೆರಿಕ ಅದಕ್ಕೆ ಬದಲಾಗಿ ಪರ್ಲ್ ಹಾರ್ಬರ್ ಬಳಸುವ ಹಕ್ಕನ್ನು ತನಗೊಬ್ಬನಿಗೇ ಬರೆಸಿಕೊಂಡಿತು. ದೊರೆ ಕಲಾಕವ 1891ರ ಜನವರಿಯಲ್ಲಿ ತೀರಿಕೊಂಡದ್ದು ಎಲ್ಲಿ ಗೊತ್ತೇ? ಸ್ಯಾನ್ ಫ್ರಾನ್ಸಿಸ್ಕೋ ಮಾರ್ಕೆಟ್ ಸ್ಟ್ರೀಟಿನ ಪ್ಯಾಲೇಸ್ ಹೋಟೆಲಿನಲ್ಲಿ.

ಇಷ್ಟರಲ್ಲಿ ವಾಷಿಂಗ್ಟನ್ನಿನಲ್ಲಿ ಒಂದು ಕಾನೂನು ಬದಲಾಯಿತು. 1890ರ ಮೆಕಿನ್ಲೆ ಸುಂಕದ ಕಾಯಿದೆ ಎಲ್ಲ ದೇಶಗಳ ಕಚ್ಚಾ ಸಕ್ಕರೆಗೂ ಸುಂಕ ತೆಗೆದುಹಾಕಿ, ಅಮೆರಿಕದೊಳಗೆ ಬೆಳೆದವರಿಗೆ ಮಾತ್ರ ಪೌಂಡಿಗೆ 2 ಸೆಂಟ್ ಸಹಾಯಧನ ಕೊಟ್ಟಿತು. ಹವಾಯಿಗಿದ್ದ ಲಾಭ ಒಂದೇ ಏಟಿಗೆ ಮಾಯ. ತೋಟದವರ ಲೆಕ್ಕ ಸುಲಭವಾಗಿತ್ತು: ಅಮೆರಿಕದ 'ಒಳಗೆ' ಸೇರಿಬಿಟ್ಟರೆ ಆ 2 ಸೆಂಟ್ ನಮಗೂ ಬರುತ್ತದೆ! ಜೊತೆಗೆ ಹೊಸ ರಾಣಿ ಲಿಲಿಯುಕಲಾನಿ ಅರಮನೆಯ ಕಳೆದುಹೋದ ಅಧಿಕಾರವನ್ನು ಮತ್ತೆ ಪಡೆಯುವ ಸಂವಿಧಾನ ತರಲು ಹೊರಟಿದ್ದಳು. 1893ರ ಜನವರಿ 17ರಂದು ವ್ಯಾಪಾರಿಗಳು, ವಕೀಲರು ಸೇರಿದ್ದ ಹದಿಮೂರು ಜನರ ಒಂದು ಸಮಿತಿ ರಾಣಿಯನ್ನು ಪದಚ್ಯುತಗೊಳಿಸಿತು. ಬಾಸ್ಟನ್ ಎಂಬ ಅಮೆರಿಕದ ಯುದ್ಧನೌಕೆಯಿಂದ ಇಳಿದ ಸೈನಿಕರು ಅಲ್ಲೇ ಪಕ್ಕದಲ್ಲಿ ನಿಂತಿದ್ದರು.

ಆದರೆ ಕಥೆ ಇಷ್ಟು ಸರಳವಲ್ಲ. ಹವಾಯಿಯ ಅತಿ ದೊಡ್ಡ ಸಕ್ಕರೆ ಧಣಿ ಸ್ಪ್ರೆಕೆಲ್ಸ್ ಈ ವಿಲೀನಕ್ಕೆ ವಿರೋಧಿ! ಅಮೆರಿಕದ ಕಾನೂನು ಬಂದರೆ ಕರಾರಿನ ಕೂಲಿಗಳನ್ನು ತರಿಸುವ ಹಾಗಿಲ್ಲ ಎಂಬ ಚಿಂತೆ ಅವನಿಗೆ. ಅಧ್ಯಕ್ಷ ಕ್ಲೀವ್‌ಲ್ಯಾಂಡ್ ಕೂಡ ವಿಲೀನದ ಒಪ್ಪಂದವನ್ನು ಸೆನೆಟ್ಟಿನಿಂದ ವಾಪಸು ಪಡೆದು ತನಿಖೆ ಮಾಡಿಸಿದ. 1897ರಲ್ಲಿ ಹವಾಯಿಯ ಮೂಲನಿವಾಸಿಗಳು 21,000ಕ್ಕೂ ಹೆಚ್ಚು ಸಹಿ ಹಾಕಿ ಬೇಡವೆಂದು ಅರ್ಜಿ ಕಳಿಸಿದರು. ಅಂದರೆ ಬರೀ ಸಕ್ಕರೆಯಿಂದ ಕೆಲಸ ಆಗಲಿಲ್ಲ. ಐದು ವರ್ಷ ಕಾದು, ಇನ್ನೊಂದು ಕಾರಣ ಕೂಡಿಕೊಂಡಾಗ ಹವಾಯಿ ಅಮೆರಿಕಕ್ಕೆ ಸೇರಿತು. ಆಫೀಸಿನಲ್ಲಿ ಸರ್ವರ್ ಬಿದ್ದಾಗ ನಾವು 'ರೂಟ್ ಕಾಸ್' ಬರೆಯುತ್ತೇವಲ್ಲ, ಮ್ಯಾನೇಜರಿಗೆ ಒಂದೇ ಕಾರಣ ಬೇಕು, ಲಾಗ್ ನೋಡಿದರೆ ನಾಲ್ಕು ಇರುತ್ತವೆ. ಇದೂ ಹಾಗೆಯೇ.

ಆ ಇನ್ನೊಂದು ಕಾರಣಕ್ಕೆ ಬರುವ ಮುಂಚೆ 1893ರಲ್ಲಿ ಒಂದು ನಿಮಿಷ ನಿಲ್ಲೋಣ. ಆ ವರ್ಷ ಚಿಕಾಗೋದಲ್ಲಿ ವಿಶ್ವಮೇಳ. ನಮಗೆಲ್ಲ ಅದು ಸೆಪ್ಟೆಂಬರಿನಲ್ಲಿ ಸ್ವಾಮಿ ವಿವೇಕಾನಂದರು ಮಾತಾಡಿದ ಮೇಳ. ಅದೇ ಮೇಳದ ಅಂಗವಾಗಿ ಜುಲೈನಲ್ಲಿ ಫ್ರೆಡರಿಕ್ ಜಾಕ್ಸನ್ ಟರ್ನರ್ ಎಂಬ ತರುಣ ಪ್ರೊಫೆಸರ್ ಒಂದು ಪ್ರಬಂಧ ಓದಿದ. 1890ರ ಜನಗಣತಿಯ ಪ್ರಕಾರ ಪಶ್ಚಿಮದಲ್ಲಿ ಇನ್ನು ಖಾಲಿ ಗಡಿ ಎಂಬುದು ಉಳಿದಿಲ್ಲ, ಅಮೆರಿಕದವರ ಗುಣವನ್ನು ರೂಪಿಸಿದ್ದೇ ಆ ಗಡಿ ಎಂಬುದು ಅವನ ವಾದ. (ಖಾಲಿ ಎಂದದ್ದು ಅವರ ಲೆಕ್ಕ. ಅಲ್ಲಿದ್ದ ಮೂಲನಿವಾಸಿಗಳ ಲೆಕ್ಕ ಬೇರೆಯೇ.) ಹಾಗಾದರೆ ಮುಂದಿನ ಗಡಿ ಪೆಸಿಫಿಕ್ ಸಾಗರದಾಚೆ ಎಂದು ಹಲವರು ಅರ್ಥಮಾಡಿಕೊಂಡರು. ಅದೇ ವರ್ಷ ಭಾರೀ ಆರ್ಥಿಕ ಕುಸಿತ. ಸುಮಾರು 500 ಬ್ಯಾಂಕುಗಳು, 15,000 ಕಂಪನಿಗಳು ಮುಳುಗಿದವು. ನಮ್ಮ ಕಾರ್ಖಾನೆಗಳು ನಮ್ಮವರು ಕೊಳ್ಳುವುದಕ್ಕಿಂತ ಹೆಚ್ಚು ತಯಾರಿಸುತ್ತಿವೆ, ಹೊರಗೆ ಮಾರುಕಟ್ಟೆ ಬೇಕು, ಚೀನಾದ ಕೋಟ್ಯಂತರ ಜನ ಕಾಯುತ್ತಿದ್ದಾರೆ ಎಂಬ ಮಾತು ಕಾಂಗ್ರೆಸ್ಸಿನಲ್ಲಿ, ಪತ್ರಿಕೆಗಳಲ್ಲಿ ಸಾಮಾನ್ಯವಾಯಿತು. ಚೀನಾ ಮಾರುಕಟ್ಟೆಯ ಕನಸು ಕಾಣದ ಪೀಳಿಗೆ ಅಮೆರಿಕದಲ್ಲಿ ಯಾವುದಾದರೂ ಇದೆಯೇ!

ಈಗ ಕಲ್ಲಿದ್ದಲು. ನನ್ನ ಇಂಜಿನಿಯರ್ ಬುದ್ಧಿಗೆ ಹೆಚ್ಚು ಒಪ್ಪಿಗೆಯಾದ ಕಾರಣ ಇದೇ. ಹಾಯಿ ಹಡಗಿಗೆ ಗಾಳಿ ಸಾಕು. ಉಗಿ ಹಡಗಿಗೆ ಕಲ್ಲಿದ್ದಲು ಬೇಕು, ಅದು ಮುಗಿದಲ್ಲಿ ಹಡಗೂ ನಿಂತಿತು. ಸಾವಿರಾರು ಮೈಲಿ ಆಚೆ ವ್ಯಾಪಾರ ಮಾಡಬೇಕು, ಕಾವಲು ಕಾಯಬೇಕು ಎಂದರೆ ದಾರಿಯುದ್ದಕ್ಕೂ ಕಲ್ಲಿದ್ದಲು ತುಂಬಿಸಿಕೊಳ್ಳುವ ಬಂದರುಗಳಿರಬೇಕು. ಈಗ ಎಲೆಕ್ಟ್ರಿಕ್ ಕಾರಿನವರು ಟಾಹೋಗೆ ಹೋಗುವ ಮುಂಚೆ ಚಾರ್ಜರ್ ಎಲ್ಲಿದೆ ಎಂದು ನಕ್ಷೆ ನೋಡುತ್ತಾರಲ್ಲ, ಹಾಗೆ. ನೌಕಾಪಡೆಯ ಆಲ್ಫ್ರೆಡ್ ಮಹಾನ್ ಎಂಬ ಅಧಿಕಾರಿ 1890ರಲ್ಲಿ ಸಮುದ್ರಬಲದ ಬಗ್ಗೆ ದೊಡ್ಡ ಪುಸ್ತಕ ಬರೆದ. ಬಲವಾದ ನೌಕಾಪಡೆ, ಅದಕ್ಕೆ ನೆಲೆಗಳು, ಎರಡು ಸಾಗರಗಳನ್ನು ಜೋಡಿಸಲು ಮಧ್ಯ ಅಮೆರಿಕದಲ್ಲಿ ಕಾಲುವೆ: ಇವು ಅವನ ಮಂತ್ರಗಳು. ಥಿಯೋಡರ್ ರೂಸ್‌ವೆಲ್ಟ್ ಅವನ ದೊಡ್ಡ ಅಭಿಮಾನಿ.

ಆ ನೌಕಾಪಡೆಯ ಒಂದು ಭಾಗ ತಯಾರಾದದ್ದು ನಮ್ಮ ಸ್ಯಾನ್ ಫ್ರಾನ್ಸಿಸ್ಕೋದ ಪೊಟ್ರೆರೊದಲ್ಲಿ. ಈಗ ಪಿಯರ್ 70 ಎನ್ನುವ ಜಾಗದಲ್ಲಿ ಯೂನಿಯನ್ ಐರನ್ ವರ್ಕ್ಸ್ ಎಂಬ ಕಾರ್ಖಾನೆ ಇತ್ತು. ಚಾರ್ಲ್ಸ್‌ಟನ್, ಒಲಿಂಪಿಯಾ, ಆರೆಗನ್ ಎಂಬ ಮೂರು ಯುದ್ಧನೌಕೆಗಳು ಅಲ್ಲಿಯವು. ಈ ಮೂರೂ ಹೆಸರು ನೆನಪಿಟ್ಟುಕೊಳ್ಳಿ.

ಕ್ಯೂಬಾ ಆಗ ಸ್ಪೇನಿನ ವಸಾಹತು. ಅಲ್ಲಿಯೂ ಸಕ್ಕರೆ! 1894ರಲ್ಲಿ ಅಮೆರಿಕ ಸಕ್ಕರೆಗೆ ಮತ್ತೆ ಸುಂಕ ಹಾಕಿತು, ಕ್ಯೂಬಾದ ತೋಟಗಳಲ್ಲಿ ಕೆಲಸ ಹೋಯಿತು, ಮೊದಲೇ ಕುದಿಯುತ್ತಿದ್ದ ಸ್ವಾತಂತ್ರ್ಯದ ಹೋರಾಟ 1895ರ ಫೆಬ್ರವರಿಯಲ್ಲಿ ಭುಗಿಲೆದ್ದಿತು. ಸ್ಪೇನಿನ ಸೇನಾಪತಿ ಹಳ್ಳಿಯವರನ್ನೆಲ್ಲ ಶಿಬಿರಗಳಿಗೆ ತುಂಬಿದ, ಹಸಿವು ರೋಗಗಳಿಂದ ಲಕ್ಷಕ್ಕೂ ಹೆಚ್ಚು ಜನ ಸತ್ತರು. ಅಮೆರಿಕದ ಸಾಮಾನ್ಯ ಜನಕ್ಕೆ ಬಂದ ಕನಿಕರ, ಸಿಟ್ಟು ನಿಜವಾದದ್ದೇ. ಅದಕ್ಕೆ ತುಪ್ಪ ಸುರಿದದ್ದು ಪತ್ರಿಕೆಗಳು. ಇಲ್ಲಿನ ಎಕ್ಸಾಮಿನರ್ ಪತ್ರಿಕೆಯಲ್ಲಿ ಕಸುಬು ಕಲಿತು ನ್ಯೂಯಾರ್ಕಿಗೆ ಹೋದ ವಿಲಿಯಂ ರಾಂಡಾಲ್ಫ್ ಹರ್ಸ್ಟ್ ಅದರಲ್ಲಿ ಮುಂದು. 1898ರ ಫೆಬ್ರವರಿ 15ರಂದು ಹವಾನಾ ಬಂದರಿನಲ್ಲಿ ಮೇನ್ ಎಂಬ ಅಮೆರಿಕದ ನೌಕೆ ಸ್ಫೋಟಗೊಂಡು 260ಕ್ಕೂ ಹೆಚ್ಚು ಜನ ಸತ್ತರು. ಸ್ಪೇನೇ ಮಾಡಿದ್ದು ಎಂದು ಎಲ್ಲರೂ ನಂಬಿದರು. 1976ರಲ್ಲಿ ಪ್ರಕಟವಾದ ನೌಕಾಪಡೆಯ ಅಡ್ಮಿರಲ್ ರಿಕೋವರ್ ಅಧ್ಯಯನದ ಪ್ರಕಾರ ಹಡಗಿನದೇ ಕಲ್ಲಿದ್ದಲ ಕೋಣೆಯಲ್ಲಿ ಹೊತ್ತಿದ ಬೆಂಕಿ ಕಾರಣವಿರಬೇಕು. ಮತ್ತೆ ಕಲ್ಲಿದ್ದಲು ನೋಡಿ! ಇನ್ನೊಂದು ಮಾತು: ವ್ಯಾಪಾರಿಗಳಿಂದಲೇ ಯುದ್ಧ ಎನ್ನುವವರು ಗಮನಿಸಬೇಕು, ಆ ಮಾರ್ಚ್ ತನಕ ವ್ಯಾಪಾರಸ್ಥರಲ್ಲಿ ಹೆಚ್ಚಿನವರು ಯುದ್ಧ ಬೇಡ ಎನ್ನುತ್ತಿದ್ದರು.

ಕ್ಯೂಬಾದ ಜಗಳದ ಮೊದಲ ದೊಡ್ಡ ಕದನ ನಡೆದದ್ದು ಭೂಗೋಳದ ಇನ್ನೊಂದು ಬದಿಯಲ್ಲಿ, ಮನಿಲಾದಲ್ಲಿ. ಫಿಲಿಪ್ಪೀನ್ಸ್ ಸಹ ಸ್ಪೇನಿನದು. ನೌಕಾ ಇಲಾಖೆಯ ಸಹಾಯಕ ಕಾರ್ಯದರ್ಶಿಯಾಗಿದ್ದ ರೂಸ್‌ವೆಲ್ಟ್ ಫೆಬ್ರವರಿಯಲ್ಲೇ ಜಾರ್ಜ್ ಡ್ಯೂಯಿಗೆ ತಂತಿ ಕೊಟ್ಟಿದ್ದ: ಹಡಗುಗಳನ್ನು ಹಾಂಗ್‌ಕಾಂಗಿನಲ್ಲಿ ಸೇರಿಸು, ಕಲ್ಲಿದ್ದಲು ಭರ್ತಿ ಇರಲಿ. ಮೇ 1ರ ಬೆಳಗ್ಗೆ ಒಲಿಂಪಿಯಾ ನೌಕೆಯ ಮೇಲಿಂದ ಡ್ಯೂಯಿ ಸ್ಪೇನಿನ ಹಡಗುಪಡೆಯನ್ನು ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಸಿದ. ಯೂನಿಯನ್ ಸ್ಕ್ವೇರಿನ ನಡುವೆ, ಕ್ರಿಸ್‌ಮಸ್ ಮರದ ಪಕ್ಕ, ಗರುಡಗಂಬದ ಹಾಗೆ ನಿಂತಿರುವ ಕಂಬ ಆ ಜಯದ ನೆನಪಿಗೆ. 1903ರ ಮೇ ತಿಂಗಳಲ್ಲಿ ಅದನ್ನು ಉದ್ಘಾಟಿಸಿದ್ದು ಸ್ವತಃ ರೂಸ್‌ವೆಲ್ಟ್, ಆಗ ಅಧ್ಯಕ್ಷ. ಮೂರು ವರ್ಷದ ನಂತರದ ಭೂಕಂಪದಲ್ಲಿ ಸುತ್ತಲ ಊರು ಸುಟ್ಟುಹೋದರೂ ಕಂಬ ಬೀಳಲಿಲ್ಲ.

ಮೇ 25ರಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಮೊದಲ ಸೈನಿಕ ತಂಡ ಮನಿಲಾಗೆ ಹೊರಟಿತು. ದಾರಿಯಲ್ಲಿ ಕಲ್ಲಿದ್ದಲಿಗೆ ಹೊನೊಲುಲು. ಐದು ವರ್ಷ ನೆನೆಗುದಿಗೆ ಬಿದ್ದಿದ್ದ ಹವಾಯಿಯ ಕಡತ ಈಗ ಓಡಿತು. ಒಪ್ಪಂದಕ್ಕೆ ಸೆನೆಟ್ಟಿನ ಮೂರನೇ ಎರಡು ಮತ ಸಿಗದ ಕಾರಣ, ಸರಳ ಬಹುಮತ ಸಾಕಾಗುವ ಜಂಟಿ ನಿರ್ಣಯ ಮಾಡಿ ಜುಲೈ 7ರಂದು ಅಧ್ಯಕ್ಷ ಮೆಕಿನ್ಲೆ ಸಹಿ ಹಾಕಿದ. (1993ರಲ್ಲಿ ಅಮೆರಿಕದ ಕಾಂಗ್ರೆಸ್ ಇದಕ್ಕೆಲ್ಲ ಕ್ಷಮೆ ಕೇಳಿತು.) ಅದೇ ತಂಡಕ್ಕೆ ಕಾವಲಾಗಿ ಹೋದ ಚಾರ್ಲ್ಸ್‌ಟನ್ ಜೂನ್ 20ರಂದು ಗುವಾಮ್ ತಲುಪಿ ಕೋಟೆಯತ್ತ ಗುಂಡು ಹಾರಿಸಿತು. ಅಲ್ಲಿನ ಸ್ಪೇನಿನ ಅಧಿಕಾರಿಗಳು ದೋಣಿಯಲ್ಲಿ ಬಂದು, ನಿಮ್ಮ ಗೌರವದ ಗುಂಡಿಗೆ ಪ್ರತಿಗೌರವ ಸಲ್ಲಿಸಲು ನಮ್ಮಲ್ಲಿ ಮದ್ದಿಲ್ಲ, ಕ್ಷಮಿಸಿ ಎಂದರು. ಪಾಪ, ಯುದ್ಧ ಶುರುವಾದ ಸುದ್ದಿಯೇ ಅವರಿಗೆ ಮುಟ್ಟಿರಲಿಲ್ಲ! ಭಾವನ ಗುವಾಮ್ ಸಿಕ್ಕಿದ್ದು ಹೀಗೆ.

ಆರೆಗನ್ ನೌಕೆಯ ಕಥೆ ಚಿಕ್ಕದು. ಮಾರ್ಚ್ 19ರಂದು ಇಲ್ಲಿಂದ ಹೊರಟು, ದಕ್ಷಿಣ ಅಮೆರಿಕವನ್ನು ಸುತ್ತಿ ಫ್ಲೋರಿಡಾ ತಲುಪಲು ಅದಕ್ಕೆ 66 ದಿನ ಹಿಡಿಯಿತು. ಕಾಲುವೆ ಯಾಕೆ ಬೇಕು ಎಂಬ ವಾದಕ್ಕೆ ಅಲ್ಲಿಗೆ ತೆರೆ ಬಿತ್ತು. 1903ರಲ್ಲಿ ಪನಾಮಾ ಕೊಲಂಬಿಯಾದಿಂದ ಬೇರೆಯಾಯಿತು, 1914ರಲ್ಲಿ ಕಾಲುವೆ ತೆರೆಯಿತು, ಅದರ ಸಂಭ್ರಮಕ್ಕೆ 1915ರಲ್ಲಿ ಇಲ್ಲಿ ನಡೆದ ಮೇಳದಲ್ಲಿ ಕಟ್ಟಿದ್ದೇ ಪ್ಯಾಲೇಸ್ ಆಫ್ ಫೈನ್ ಆರ್ಟ್ಸ್. ನಮ್ಮಲ್ಲಿ ಎಷ್ಟೋ ಜನರ ಎಂಗೇಜ್‌ಮೆಂಟ್ ಫೋಟೋಗಳ ಹಿನ್ನೆಲೆ.

1898ರ ಡಿಸೆಂಬರಿನ ಪ್ಯಾರಿಸ್ ಒಪ್ಪಂದದಲ್ಲಿ ಪೋರ್ಟೊರಿಕೊ, ಗುವಾಮ್ ಜೊತೆಗೆ ಫಿಲಿಪ್ಪೀನ್ಸನ್ನೂ ಅಮೆರಿಕ ಪಡೆಯಿತು, ಸ್ಪೇನಿಗೆ 2 ಕೋಟಿ ಡಾಲರ್ ಕೊಟ್ಟು. ಫಿಲಿಪ್ಪೀನ್ಸಿನವರು ಅಷ್ಟರಲ್ಲಾಗಲೇ ಸ್ವಾತಂತ್ರ್ಯ ಘೋಷಿಸಿದ್ದರು. ಅವರನ್ನು ಯಾರೂ ಕೇಳಲಿಲ್ಲ. ಹಿಂದುಳಿದವರನ್ನು ಉದ್ಧಾರ ಮಾಡುವ ಭಾರ ನಮ್ಮ ಮೇಲಿದೆ ಎಂಬ ಮಾತು ಆಗ ಎಲ್ಲೆಲ್ಲೂ. ಮುಂಬಯಿಯಲ್ಲಿ ಹುಟ್ಟಿದ ಕಿಪ್ಲಿಂಗ್ 'ಬಿಳಿಯನ ಹೊರೆ'ಯ ಪದ್ಯವನ್ನು 1899ರಲ್ಲಿ ಪ್ರಕಟಿಸಿದ್ದು ಭಾರತವನ್ನು ಕುರಿತಲ್ಲ, ಅಮೆರಿಕ ಮತ್ತು ಫಿಲಿಪ್ಪೀನ್ಸನ್ನು ಕುರಿತು. ಇದು ನನಗೆ ನಿಜಕ್ಕೂ ಆಶ್ಚರ್ಯದ ವಿಷಯ. 1899ರಿಂದ 1902ರ ತನಕ ಅಲ್ಲಿ ನಡೆದ ಯುದ್ಧದಲ್ಲಿ ಅಮೆರಿಕದ 4,200ಕ್ಕೂ ಹೆಚ್ಚು, ಫಿಲಿಪ್ಪೀನ್ಸಿನ 20,000ಕ್ಕೂ ಹೆಚ್ಚು ಸೈನಿಕರು ಸತ್ತರು. ಯುದ್ಧ, ಬರ, ಕಾಲರಾಗಳಿಂದ ಸತ್ತ ಸಾಮಾನ್ಯರು ಎರಡು ಲಕ್ಷದವರೆಗೆ. ಡ್ಯೂಯಿಯ ಕಂಬದ ಮೇಲೆ ಇದನ್ನೆಲ್ಲ ಬರೆದಿಲ್ಲ.

ಎಲ್ಲರೂ ಒಪ್ಪಿದ್ದರು ಎಂದಲ್ಲ. ಮಾರ್ಕ್ ಟ್ವೇನ್, ಕಾರ್ನೆಗಿ ಮುಂತಾದವರು ವಿರೋಧಿಸಿದರು. ಸೆನೆಟ್ಟಿನಲ್ಲಿ ಒಪ್ಪಂದ ಗೆದ್ದದ್ದು 57-27ರಿಂದ, ಅಂದರೆ ಬೇಕಾದದ್ದಕ್ಕಿಂತ ಒಂದೇ ಒಂದು ಮತ ಹೆಚ್ಚು. ಸ್ಟ್ಯಾನ್‌ಫರ್ಡಿನ ಮೊದಲ ಅಧ್ಯಕ್ಷ ಡೇವಿಡ್ ಸ್ಟಾರ್ ಜೋರ್ಡನ್ 1898ರಲ್ಲೇ ಇದರ ವಿರುದ್ಧ ಭಾಷಣ ಮಾಡಿದ. ಭೇಷ್ ಎನ್ನುವಷ್ಟರಲ್ಲಿ ಮುಂದೆ ಓದಿದೆ: ಬೇರೆ ಜನಾಂಗದವರು ನಮ್ಮೊಳಗೆ ಸೇರಿ ಕೆಡಿಸುತ್ತಾರೆ ಎಂಬ ಭಯವೂ ಅವನಿಗಿತ್ತು. ಸುಪ್ರಜನನ ಶಾಸ್ತ್ರದ ಪ್ರಚಾರಕ್ಕಾಗಿ ಅವನ ಹೆಸರನ್ನು 2018ರಲ್ಲಿ ಪಾಲೊ ಆಲ್ಟೊದ ಮಿಡ್ಲ್ ಸ್ಕೂಲಿನಿಂದಲೂ 2020ರಲ್ಲಿ ಸ್ಟ್ಯಾನ್‌ಫರ್ಡಿನ ಕಟ್ಟಡದಿಂದಲೂ ತೆಗೆದರು.

ಕ್ಯೂಬಾ? ಅದನ್ನು ಕಬಳಿಸುವುದಿಲ್ಲ ಎಂದು ಯುದ್ಧಕ್ಕೆ ಮುಂಚೆಯೇ ಕಾಂಗ್ರೆಸ್ ಮಾತು ಕೊಟ್ಟಿತ್ತು. ಕಬಳಿಸಲಿಲ್ಲ. ಆದರೆ 1901ರ ಪ್ಲ್ಯಾಟ್ ತಿದ್ದುಪಡಿಯ ಷರತ್ತುಗಳನ್ನು ಓದುವಾಗ ನನಗೆ ಶ್ರೀರಂಗಪಟ್ಟಣ ನೆನಪಾಯಿತು. 1799ರಲ್ಲಿ ಟಿಪ್ಪು ಸತ್ತ ಮೇಲೆ ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂರಿಸಿ ಕಂಪನಿ ಬರೆಸಿಕೊಂಡ ಸಹಾಯಕ ಸೈನ್ಯ ಪದ್ಧತಿಯ ಒಪ್ಪಂದ ನೋಡಿ: ಬೇರೆ ರಾಜ್ಯಗಳ ಜೊತೆ ವ್ಯವಹಾರವಿಲ್ಲ, ಕಂಪನಿಯ ಸೈನ್ಯಕ್ಕೆ ವರ್ಷಕ್ಕೆ 7 ಲಕ್ಷ ಪಗೋಡ, ಆಡಳಿತ ಕೆಟ್ಟರೆ ಕೈಗೆ ತೆಗೆದುಕೊಳ್ಳುವ ಹಕ್ಕು. ಆ ಹಕ್ಕನ್ನು 1831ರಲ್ಲಿ ಚಲಾಯಿಸಿಯೂ ಬಿಟ್ಟರು, ರಾಜ್ಯ ವಾಪಸು ಬಂದದ್ದು 1881ರಲ್ಲಿ. ಕ್ಯೂಬಾಗೂ ಇದೇ ಧಾಟಿ: ಅಮೆರಿಕಕ್ಕೆ ಒಪ್ಪದ ವಿದೇಶಿ ಒಪ್ಪಂದವಿಲ್ಲ, ನೌಕಾನೆಲೆಗೆ ಜಾಗ, ಬೇಕೆನಿಸಿದಾಗ ಮಧ್ಯಪ್ರವೇಶಿಸುವ ಹಕ್ಕು. 1906ರಿಂದ 1909ರವರೆಗೆ ಅದೂ ನಡೆಯಿತು. ತಿದ್ದುಪಡಿ 1934ರಲ್ಲಿ ರದ್ದಾದರೂ ಗ್ವಾಂಟಾನಮೊ ನೆಲೆ ಉಳಿಯಿತು. ಅದರ ವಾರ್ಷಿಕ ಬಾಡಿಗೆಯ ಚೆಕ್ಕುಗಳಲ್ಲಿ 1959ರ ಕ್ರಾಂತಿಯ ನಂತರ ಕ್ಯೂಬಾ ನಗದು ಮಾಡಿಕೊಂಡದ್ದು ಒಂದೇ ಒಂದು.

ಈ ಕಥೆ ನಮ್ಮ ಮನೆಬಾಗಿಲಿಗೂ ಬರುತ್ತದೆ. ಫಿಲಿಪ್ಪೀನ್ಸಿನವರು ಪೌರರೂ ಅಲ್ಲದ, ವಿದೇಶಿಯರೂ ಅಲ್ಲದ 'ನ್ಯಾಷನಲ್'ಗಳಾದರು. 1917ರ ವಲಸೆ ಕಾಯಿದೆ ಭಾರತೀಯರಿಗೆ ಬಾಗಿಲು ಮುಚ್ಚಿದಾಗಲೂ ಅವರು ಬರಬಹುದಿತ್ತು, ಬಂದು ಸ್ಟಾಕ್‌ಟನ್ನಿನ ಹೊಲಗಳಲ್ಲಿ ದುಡಿದರು. 1934ರಲ್ಲಿ ಅವರಿಗೂ ವರ್ಷಕ್ಕೆ 50 ಜನ ಎಂಬ ಮಿತಿ. ಕೊನೆಗೆ 1946ರ ಜುಲೈ 2ರಂದು ಸಹಿಯಾದ ಲೂಸ್-ಸೆಲ್ಲರ್ ಕಾಯಿದೆ ಭಾರತೀಯರಿಗೆ ವರ್ಷಕ್ಕೆ 100, ಫಿಲಿಪ್ಪೀನ್ಸಿನವರಿಗೆ 100 ಜಾಗ ಕೊಟ್ಟು, ಇಬ್ಬರಿಗೂ ಪೌರತ್ವದ ಹಕ್ಕನ್ನು ಒಂದೇ ಕಾಗದದಲ್ಲಿ ಕೊಟ್ಟಿತು. ಎರಡು ದಿನದ ನಂತರ ಫಿಲಿಪ್ಪೀನ್ಸ್ ಸ್ವತಂತ್ರವಾಯಿತು.

ಅಂದ ಹಾಗೆ, ಆ ಗುಲಾಬಿ ಚೀಲದ ಸಕ್ಕರೆ ಶುದ್ಧವಾಗುವುದು ಇಲ್ಲೇ, ಕಾರ್ಕಿನೆಜ್ ಸೇತುವೆಯ ಬಳಿಯ ಕ್ರಾಕೆಟ್ ಊರಿನಲ್ಲಿ, 1906ರಿಂದ. ಹವಾಯಿಯ ಕಬ್ಬು ಮಾತ್ರ ಅದರಲ್ಲಿಲ್ಲ. ಸ್ಪ್ರೆಕೆಲ್ಸ್ ಮಾವಿಯಲ್ಲಿ ಶುರುಮಾಡಿದ ಕಂಪನಿ 2016ರ ಡಿಸೆಂಬರಿನಲ್ಲಿ ಕೊನೆಯ ಬಾರಿಗೆ ಕಬ್ಬು ಅರೆದು ಗಾಣ ನಿಲ್ಲಿಸಿತು. ಇದನ್ನು ಅಮ್ಮನಿಗೆ ಫೋನಿನಲ್ಲಿ ಹೇಳಿದರೆ, "ನಮ್ಮ ಮೈಷುಗರ್ ಥರಾನೇ ಆಯ್ತಲ್ಲೋ, ನಿಲ್ಲೋದು ಹೊರಡೋದು" ಎಂದರು.

ಭಾವನ ಇಂಟರ್‌ವ್ಯೂ ಮುಗಿಯಿತು. ಮೊದಲ ಆರು ಪ್ರಶ್ನೆಗಳಿಗೂ ಸರಿ ಉತ್ತರ ಕೊಟ್ಟಿದ್ದಕ್ಕೆ ಅಧಿಕಾರಿ ಸಾಕು ಎಂದು ನಿಲ್ಲಿಸಿದರಂತೆ. ಯುದ್ಧವೂ ಬರಲಿಲ್ಲ, ಗುವಾಮೂ ಬರಲಿಲ್ಲ. ಒಂದು ಉದ್ದನೆಯ ನದಿ ಹೆಸರಿಸಿ ಎಂದರಂತೆ. "ಇಷ್ಟೆಲ್ಲಾ ತಲೆ ತಿಂದೆಯಲ್ಲೋ ಮಾರಾಯಾ!" ಎಂದು ಹೊರಗೆ ಬಂದವರೇ ನನ್ನ ಮೇಲೆ ರೇಗಿದರು.